ಅನಾನಸಿನ ನೊರೆ

ಹದಿಮೂರನೆಯ ದಿನದ ಶುಭಸ್ವೀಕಾರ ಮುಗಿದು ನೆಂಟರು ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಎದ್ದಾಗ ಯಾರೂ ನನಗೆ ಏನು ಮಾಡಬೇಕೆಂದು ಹೇಳಲಿಲ್ಲ. ಕಾಫಿಗೆ ನೀರಿಟ್ಟೆ. ಅತ್ತೆ ರಂಗನಾಯಕಮ್ಮ ತುಳಸಿಗೆ ನೀರು ಹಾಕಿದರು. ಮೈಸೂರಿನ ರೈಲು ಎಂದಿನಂತೆ ತಡವಾಗಿ ಕೂಗಿತು.

ಏಳೂವರೆಗೆ ಹೊರಗಿನ ಕೋಣೆಯ ಬೀಗ ತೆಗೆದೆ.

ಆ ಕೋಣೆ ನನ್ನ ಗಂಡ ಪಾರ್ಥಸಾರಥಿಯವರದು. ಅವರು ಮದ್ದೂರಿನ ನಾಲೆ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದರು. ಎರಡು ವಾರಕ್ಕೊಂದು ಶನಿವಾರ, ಆ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಒಂದು ಗುಲಾಬಿ ಬಣ್ಣದ ಪಾನೀಯ ಮಾಡುತ್ತಿದ್ದರು. ಜಿನ್ನು, ದಾಳಿಂಬೆ ಪಾಕ, ನಿಂಬೆರಸ, ಐಸು. ಅದರ ಹೆಸರು ಪಿಂಕ್ ಲೇಡಿ. ದಾಳಿಂಬೆ ಪಾಕ ಕಾಯಿಸಿಕೊಡುತ್ತಿದ್ದವಳು ನಾನೇ. ಅತ್ತೆ ಅದನ್ನು ಕೆಮ್ಮಿನ ಔಷಧಿ ಎಂದು ತಿಳಿದಿದ್ದರು.

ಅವರು ತೀರಿಕೊಂಡದ್ದು ವಾಂತಿಭೇದಿಯಿಂದ. ಶನಿವಾರ ರಾತ್ರಿ ಶುರುವಾಯಿತು, ಭಾನುವಾರ ಮಧ್ಯಾಹ್ನ ಮಂಡ್ಯದ ಆಸ್ಪತ್ರೆಯಲ್ಲಿ ಮುಗಿಯಿತು. ನಾನೂ ಅತ್ತೆಯೂ ಮಳವಳ್ಳಿಗೆ ಮದುವೆಗೆ ಹೋಗಿದ್ದೆವು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಅವರ ಮೇಲಧಿಕಾರಿ ಕಸ್ತೂರಿರಂಗ ನಮಗಿಂತ ಮುಂಚೆ ಅಲ್ಲಿದ್ದರು. "ಹಸಿ ಮೊಟ್ಟೆ ಡಾಕ್ಟ್ರೇ," ಎನ್ನುತ್ತಿದ್ದರು. "ಆ ಡ್ರಿಂಕಿಗೆ ಮೊಟ್ಟೆಯ ಬಿಳಿ ಹಾಕ್ತಾರೆ. ನಿಂಗಯ್ಯನ ಮನೆ ಮೊಟ್ಟೆ. ಈ ಏಪ್ರಿಲ್ ಬಿಸಿಲಲ್ಲಿ ಎಷ್ಟು ದಿನದ್ದೋ ಏನೋ."

ಡಾಕ್ಟರು ಹಾಗೇ ಬರೆದರು. ಅತ್ತೆ ಅದನ್ನು ಕೇಳಿಸಿಕೊಂಡರು. ಮನೆಗೆ ಬಂದವರೇ ಆ ಕೋಣೆಗೆ ಬೀಗ ಹಾಕಿ, ಮೊಟ್ಟೆ ಬಂದ ಕೋಣೆಯನ್ನು ಹದಿಮೂರು ದಿನ ಯಾರೂ ಮುಟ್ಟಕೂಡದು ಎಂದರು. ನಡುವೆ ಎರಡು ಸಲ ಕಸ್ತೂರಿರಂಗರ ಜವಾನ ಬಂದು, ಸಾಹೇಬರು ಎರವಲು ಕೊಟ್ಟಿದ್ದ, ಪಾನೀಯ ಅಲ್ಲಾಡಿಸುವ ಶೇಕರ್ ಬೇಕಂತೆ ಎಂದು ಕೇಳಿದ. ಅತ್ತೆ ಬಾಗಿಲಲ್ಲೇ ವಾಪಸು ಕಳಿಸಿದರು.

ಶೇಕರ್ ಮೇಜಿನ ಮೇಲಿತ್ತು, ಪಕ್ಕದಲ್ಲಿ ಒಂದು ಲೋಟ. ಎರಡನ್ನೂ ತೊಳೆದಿರಲಿಲ್ಲ. ಶೇಕರಿನ ಮುಚ್ಚಳ ತೆಗೆದೆ. ಒಳಗೆ ಗುಲಾಬಿ ಬಣ್ಣದ ತೆಳು ಪೊರೆ ಒಣಗಿ ಸುಕ್ಕುಗಟ್ಟಿತ್ತು. ವಾಸನೆ ಬಂತು. ಮೊಟ್ಟೆಯೇ ಸರಿ.

ಸಕ್ಕರೆಗೆ ಇರುವೆ ಸಾಲು ಹಿಡಿದು ಬಂದಿತ್ತು. ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಶೇಕರಿಗೆ. ಆದರೆ ಸಾಲು ವಾಪಸು ಹೋಗಿರಲಿಲ್ಲ. ಪೊರೆಯ ಮೇಲೆ, ಲೋಟದ ತಳದಲ್ಲಿ, ಮೇಜಿನ ಮೇಲೆ ನೂರಾರು ಇರುವೆ ಕಪ್ಪು ಎಳ್ಳಿನಂತೆ ಚೆಲ್ಲಿದ್ದವು. ಎಲ್ಲ ಸತ್ತಿದ್ದವು.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದವಳು. ತೊಳೆಯಲು ತಂದಿದ್ದ ನೀರನ್ನು ಹಾಗೇ ಹಿತ್ತಲಿಗೆ ಚೆಲ್ಲಿದೆ.

* * *

ಹಿತ್ತಲಲ್ಲಿ ದೇವಿರಮ್ಮ ನಿಂತಿದ್ದಳು. ನಿಂಗಯ್ಯನ ಹೆಂಡತಿ. ಕೊಪ್ಪದಿಂದ ಮೊದಲ ಬಸ್ಸಿಗೆ ಬಂದಿದ್ದಳು.

"ಅಮ್ಮಾರೇ, ಸಾವಿನ್ ಮನೇಗೆ ಬಂದು ಕೇಳಬಾರ್ದು. ಆದ್ರೂ ಬಂದಿವ್ನಿ. ನಮ್ ಯಜಮಾನ್ನ ಎಳ್ಕೊಂಡೋಗವ್ರೆ."

ನಿಂಗಯ್ಯ ಕೊಪ್ಪದ ತೂಬಿನ ನೀರಗಂಟಿ. ಫೆಬ್ರವರಿಯಲ್ಲಿ ಅಲ್ಲಿ ನಾಲೆಯ ಏರಿ ಒಡೆದು, ಗುಡಿಸಲಲ್ಲಿ ಮಲಗಿದ್ದ ಇಬ್ಬರು ಕೂಲಿಯವರು ಕೊಚ್ಚಿಹೋಗಿದ್ದರು. ಅವನು ಕುಡಿದು ತೂಬು ಪೂರ್ತಿ ಎತ್ತಿದ್ದರಿಂದ ಏರಿ ಒಡೆಯಿತು ಎಂದು ಈಗ ಕಸ್ತೂರಿರಂಗರು ವರದಿ ಕೊಟ್ಟಿದ್ದರು. ನಾಲ್ಕು ದಿನದಿಂದ ಅವನು ಲಾಕಪ್ಪಿನಲ್ಲಿದ್ದ.

ಆದರೆ ನನ್ನ ಗಂಡ ಬರೆದಿದ್ದ ವರದಿ ಬೇರೆ. ಅದನ್ನು ನಕಲು ಮಾಡಿಕೊಟ್ಟವಳು ನಾನು. ಏರಿಯ ತುಂಬ ಹೆಗ್ಗಣದ ಬಿಲ. ಅವುಗಳಿಗೆ ಪಾಷಾಣ ಇಟ್ಟು, ಮಣ್ಣು ಗಿಡಿದು ಮುಚ್ಚಿದ್ದೇವೆಂದು ಕಸ್ತೂರಿರಂಗರು ಸಹಿ ಹಾಕಿದ್ದರು. ಒಂದು ಬಿಲವನ್ನೂ ಮುಚ್ಚಿರಲಿಲ್ಲ. ನನ್ನ ಗಂಡ ತೀರಿಕೊಂಡ ಮರುದಿನ, ಸೋಮವಾರ, ಆ ವರದಿ ಮೈಸೂರಿಗೆ ಹೋಗಬೇಕಿತ್ತು. ಈಗ ಮೇಜಿನ ಮೇಲೆ ಇರಲಿಲ್ಲ.

"ದೇವಿರಮ್ಮ, ನಮ್ಮ ಮನೆಗೆ ಮೊಟ್ಟೆ ಕೊಟ್ಟಿದ್ರಾ?"

"ನಿಮ್ಮನೇಗಾ?" ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯಂಗಾರ್ರ ಮನೇಗೆ ಮೊಟ್ಟೆ ಕೊಡಾಕೆ ನಂಗೇನು ಗ್ಯಾನ ಇಲ್ವಾ? ಊರೆಲ್ಲಾ ಅದ್ನೇ ಮಾತಾಡ್ಕತಾವ್ರೆ. ನಮ್ ಕೋಳಿ ಮೊಟ್ಟೇನ ಯಾರೂ ಮುಟ್ಟಂಗಿಲ್ಲ. ಆವತ್ತು ಬೆಳಿಗ್ಗೆ ಸಾಹೇಬ್ರನ್ನ ಲಾರೀಲಿ ಮಲುಗಿಸ್ಕಂಡು ಮಂಡ್ಯಕ್ಕೆ ಓದೋನು ನನ್ ಗಂಡ ಕಣಮ್ಮಾರೆ. ಅವನ ಎಗಲ ಮ್ಯಾಲೇ ವಾಂತಿ ಮಾಡ್ಕಂಡ್ರಂತೆ."

ಹೋಗುವಾಗ ತಿರುಗಿ ನಿಂತಳು.

"ನಮ್ಮತ್ತೆ ಕುಟ್ಟಾಣಿ ಸಾಹೇಬ್ರ ತಾವೈತೆ. ಮುದ್ಕಿಗೆ ಅಲ್ಲಿಲ್ಲ, ಎಲೆಅಡಕೆ ಇಲ್ದೆ ಒದ್ದಾಡ್ತದೆ. ಈಗ್ಲೇ ಬ್ಯಾಡ ಬುಡಿ. ಯಾವಾಗಾರ."

* * *

ಮದ್ದೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಲಿಂಗಯ್ಯ ಪತ್ರಿಕೆಯಲ್ಲಿ ಸುತ್ತಿ ನಾನು ಒಯ್ದಿದ್ದ ಶೇಕರ್, ಲೋಟಗಳ ಕಟ್ಟು ಬಿಚ್ಚಿ ನೋಡಿದರು.

"ಏನಮ್ಮಾ ಇದು?"

"ಇರುವೆ."

"ಇರುವೆ ಸತ್ರೆ ಕೇಸು ಬರೆಯಕ್ಕಾಯ್ತದಾ?"

"ಸಕ್ಕರೆ ತಿಂದು ಇರುವೆ ಸತ್ತದ್ದನ್ನ ನೀವು ಎಲ್ಲಾದರೂ ನೋಡಿದೀರಾ?"

ಅವರು ಒಂದು ಇರುವೆಯನ್ನು ಉಗುರಿನ ತುದಿಯಿಂದ ಹೊರಳಿಸಿ ನೋಡಿದರು. ಆಮೇಲೆ ಶೇಕರನ್ನೂ ಲೋಟವನ್ನೂ ಪೆಟ್ಟಿಗೆಗೆ ಹಾಕಿಸಿ ಅರಗು ಹಚ್ಚಿಸಿದರು. ಬೆಂಗಳೂರಿಗೆ ಕಳಿಸಬೇಕು, ಮೂರು ವಾರವಾಗುತ್ತದೆ ಎಂದರು.

"ವಿಷ ಅಂತ ಬಂದ್ರೆ ಹುಡುಕೋ ಕೆಲಸ ಏನಿಲ್ಲ ಬಿಡಿ. ಮೊಟ್ಟೆ ಕೊಟ್ಟೋನು ನಿಂಗಯ್ಯ. ಆಸ್ಪತ್ರೆಗೆ ಸಾಗಿಸ್ದೋನು ನಿಂಗಯ್ಯ. ನಿಮ್ ಯಜಮಾನ್ರ ವರದಿಗೆ ಎದುರ್ಕೊಂಡೋನು ನಿಂಗಯ್ಯ. ಏರಿ ಒಡೆದಿದ್ದಕ್ಕೆ ಎರಡು ವರ್ಷ ಆಗ್ತಿತ್ತು. ಇದಕ್ಕೆ ನೇಣು."

ಅವನನ್ನು ಬಿಡಿಸಲು ಹೋದವಳು ನಾನು. ನೇಣಿನ ಹತ್ತಿರ ತಂದು ನಿಲ್ಲಿಸಿ ಮನೆಗೆ ಬಂದೆ.

* * *

ಮೊದಲು ಜಿನ್ ಬಾಟಲಿಯ ಮೇಲೆ ಅನುಮಾನ ಬಂತು. ಕಳ್ಳಭಟ್ಟಿ ಬೆರೆಸಿ ಮಾರಿರಬಹುದು. ಬಾಟಲಿಯನ್ನು ಕಿಟಕಿಗೆ ಹಿಡಿದೆ. ಚೀಟಿಯ ಅಂಚಿನಲ್ಲಿ ಪೆನ್ಸಿಲಿನ ಗೆರೆಗಳಿದ್ದವು, ಪ್ರತಿ ಗೆರೆಗೂ ತಾರೀಖು. ನನ್ನ ಗಂಡ ನಾಲೆಯ ನೀರಿನ ಮಟ್ಟ ಗುರುತಿಸಿದಂತೆ ಜಿನ್ನಿನ ಮಟ್ಟವನ್ನೂ ಗುರುತಿಸುತ್ತಿದ್ದರು. ನಾನು ನಕ್ಕಿದ್ದೆ. ಕೊನೆಯ ಗೆರೆ 23-3. ಜಿನ್ನು ಆ ಗೆರೆಯ ಮೇಲೇ ನಿಂತಿತ್ತು.

ಸತ್ತದ್ದು ಏಪ್ರಿಲ್ ಏಳು. ಹಿಂದಿನ ಸಂಜೆ ಈ ಬಾಟಲಿಯಿಂದ ಒಂದು ಹನಿಯೂ ಖರ್ಚಾಗಿರಲಿಲ್ಲ.

ಕುಟ್ಟಾಣಿ ನೋಡಿದೆ. ಕಲ್ಲಿನದು, ಬೊಗಸೆಯಷ್ಟು. ತೊಳೆದು, ಮಾರ್ಚ್ 24ರ ಪತ್ರಿಕೆಯ ಮೇಲೆ ಬೋರಲು ಹಾಕಿದ್ದರು. ಅಂಚಿಗೆ ಜೇಡ ಬಲೆ ಕಟ್ಟಿತ್ತು.

ಕಪಾಟಿನಲ್ಲಿ ಕಸ್ತೂರಿರಂಗರು ಎರವಲು ಕೊಟ್ಟಿದ್ದ ಪಾನೀಯಗಳ ಪುಸ್ತಕ ಇತ್ತು. ಪಿಂಕ್ ಲೇಡಿಯ ಪುಟದಲ್ಲಿ, ಒಂದು ಮೊಟ್ಟೆಯ ಬಿಳಿ ಎಂದು ಅಚ್ಚಾಗಿತ್ತು. ಅದರ ಕೆಳಗೆ ನನ್ನ ಗಂಡನ ಸ್ವಂತ ನೋಟ್‌ಬುಕ್ಕು. ಅವರ ಅಕ್ಷರ: "ಜಿನ್ನು ಎರಡು ಔನ್ಸ್. ದಾಳಿಂಬೆ ಪಾಕ ಒಂದು. ಒಂದು ನಿಂಬೆ. ಮೊಟ್ಟೆ ಬೇಡ. ಬದಲು ಅನಾನಸ್ ರಸ ಎರಡು ಔನ್ಸ್, ಕುಟ್ಟಾಣಿಯಲ್ಲಿ ಜಜ್ಜಿ ಬಟ್ಟೆಯಲ್ಲಿ ಹಿಂಡಿದ್ದು. ನೂರು ಎಣಿಸುವವರೆಗೆ ಅಲ್ಲಾಡಿಸಿದರೆ ಅಷ್ಟೇ ನೊರೆ. ಕ.ರಂ. ಅವರಿಗೆ ಹೇಳಬಾರದು, ಮಡಿ ಹುಡುಗ ಎಂದು ನಗುತ್ತಾರೆ."

ಮಡಿಯ ಒರಳನ್ನು ಇದಕ್ಕೆ ಮುಟ್ಟುವಂತಿರಲಿಲ್ಲ. ಅದಕ್ಕೇ ನಿಂಗಯ್ಯನ ತಾಯಿಯ ಕುಟ್ಟಾಣಿ ತಂದಿದ್ದರು.

ಅಂದರೆ ಶೇಕರಿನಲ್ಲಿದ್ದದ್ದು ಅವರು ಮಾಡಿದ್ದಲ್ಲ.

* * *

ಅವರ ಜೊತೆ ಕೂತು ಕುಡಿಯುತ್ತಿದ್ದವನು ಒಬ್ಬನೇ, ಕಚೇರಿಯ ಓವರ್ಸಿಯರ್ ಚಲುವನಾರಾಯಣ. ಅನುಮಾನ ಅವನ ಕಡೆ ಹೊರಳಿತು. ಆದರೆ ನಾವು ಮಳವಳ್ಳಿಗೆ ಹೋಗಿದ್ದು ಅವನ ತಂಗಿಯ ಮದುವೆಗೇ. ಶನಿವಾರವಿಡೀ ಅವನು ಚಪ್ಪರದಡಿ ಎಲೆ ಹಾಕುತ್ತಿದ್ದುದನ್ನು ನಾನೇ ನೋಡಿದ್ದೆ. ಆದರೂ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಅವನು ಇನ್ನೂ ರಜೆಯಲ್ಲಿದ್ದ.

"ಮೊಟ್ಟೆನಾ? ಛೇ, ಅತ್ತಿಗೆ! ಒಂದಿನ ನಾನೇ ತಮಾಷೆಗೆ ತರಲಾ ಅಂದಿದ್ದಕ್ಕೆ ಬಾಗಿಲ ಆಚೆ ನಿಲ್ಲಿಸಿದ್ದ."

"ಶುಕ್ರವಾರ ನೀನು ಅವರ ಜೊತೆ ಇದ್ದೆಯಾ?"

"ಇದ್ದೆ. ಉಗ್ರಾಣ ತೆಗೆದು ಹೆಗ್ಗಣದ ಪಾಷಾಣದ ಡಬ್ಬಿ ಎಣಿಸಿದೆವು. ಎಂಟಕ್ಕೆ ಎಂಟೂ ಅರಗು ಒಡೆಯದೆ ಕೂತಿದ್ದವು. ಬಿಲಕ್ಕೆ ಇಟ್ಟಾಯ್ತು ಅಂತ ಬರೆದಿದ್ದ ಡಬ್ಬಿಗಳು! ಪಾರ್ಥ ಪಟ್ಟಿ ಬರೆದ, ಇಬ್ಬರೂ ಸಹಿ ಹಾಕಿದೆವು. ಅವನು ಸಂಜೆ ಕಸ್ತೂರಿರಂಗರಿಗೇ ಫೋನ್ ಮಾಡಿ, ವರದಿ ಸೋಮವಾರ ಕಳಿಸ್ತೀನಿ ಅಂತ ಹೇಳಿಯೂಬಿಟ್ಟ. ಮುಚ್ಚಿಟ್ಟು ಗೊತ್ತಿಲ್ಲ ಅವನಿಗೆ. ಎಣಿಸಿದ್ದನ್ನ ಮಾತ್ರ ಹೇಳಬೇಡ ಅಂತ ನಾನೇ ಅಂದಿದ್ದೆ."

"ಆ ಪಟ್ಟಿ?"

"ನನ್ನ ಹತ್ತಿರವೇ ಇದೆ." ಚಲುವನಾರಾಯಣ ಸೊಂಟದಿಂದ ಒಂದು ಕೀಲಿಕೈ ತೆಗೆದ. "ಉಗ್ರಾಣದ್ದೂ ನನ್ನ ಹತ್ತಿರವೇ. ಇನ್ನೊಂದು ಇರೋದು ಕಸ್ತೂರಿರಂಗರ ಹತ್ತಿರ."

* * *

ಇನ್ನು ಉಳಿದದ್ದು ಐಸು. ಮದ್ದೂರು ಬಸ್ ನಿಲ್ದಾಣದ ಹಿಂದೆ ಪುಟ್ಟಮಾದಯ್ಯನ ಐಸ್‌ಕ್ಯಾಂಡಿ ಕಾರ್ಖಾನೆ ಇದೆ. ಊರಿನಲ್ಲಿ ಐಸು ಸಿಗುವುದು ಅಲ್ಲೊಂದೇ ಕಡೆ. ನನ್ನ ಬರಿಯ ಹಣೆ ನೋಡಿ ಪುಟ್ಟಮಾದಯ್ಯ ಎದ್ದು ನಿಂತ.

"ನಮ್ಮನೆಯವರು ಐಸಿಗೆ ಬರ್ತಿದ್ರಲ್ಲ?"

"ಬತ್ತಿದ್ರು ಕಣವ್ವ. ಸನಿವಾರ ನಾಕ್ಗಂಟೆಗೆ, ಟಿಫನ್ ಕ್ಯಾರಿಯರ್ ತಕ್ಕಂಡು. ಮರದ ಒಟ್ಟು ಜಾಸ್ತಿ ಆಕ್ಬೇಡ ಕಣಯ್ಯ, ಗಂಟಲಿಗೆ ಸಿಗಾಕತದೆ ಅನ್ನೋರು."

"ಕೊನೆಯ ಶನಿವಾರ?"

"ಬರ್ನಿಲ್ಲ." ಅವನು ತಲೆ ಕೆರೆದುಕೊಂಡ. "ಅವತ್ತು ದೊಡ್ ಸಾಹೇಬ್ರು ಬಂದಿದ್ರು, ಕಸ್ತೂರಿರಂಗಪ್ಪೋರು. ಡ್ರೈವರಿಲ್ದೆ ತಾವೇ ಜೀಪ್ ಓಡಿಸ್ಕಂಡು. ಫ್ಲಾಸ್ಕಿಗೆ ಐಸ್ ಪುಡಿ ಮಾಡಿ ತುಂಬ್ಸಿದೆ. ಅಷ್ಟ್ ದೊಡ್ಡೋರು ಐಸ್‌ಕ್ಯಾಂಡಿ ಅಂಗ್ಡಿಗೆ ಬಂದವ್ರೆ ಅಂತ ನನ್ನೆಂಡ್ರೂ ಬಂದು ಇಣುಕಿ ನೋಡುದ್ಲು."

ಕಸ್ತೂರಿರಂಗರು ಆಸ್ಪತ್ರೆಯಲ್ಲಿ, ಹಿಂದಿನ ದಿನವೆಲ್ಲ ಮೈಸೂರಿನಲ್ಲಿದ್ದೆ, ಗೊತ್ತಾಗಿದ್ದರೆ ಬಂದುಬಿಡುತ್ತಿದ್ದೆ ಎಂದು ಕಣ್ಣು ಒರೆಸಿಕೊಂಡಿದ್ದರು.

ಇಷ್ಟನ್ನೂ ಲಿಂಗಯ್ಯನವರಿಗೆ ಹೇಳಿದೆ. ಅವರು ಬರೆದುಕೊಂಡರು, ಒಪ್ಪಲಿಲ್ಲ.

"ಮೊಟ್ಟೆ ಇಲ್ದೆ ಅಷ್ಟು ನೊರೆ ಬರ್ತದಾ?"

"ಮಾಡಿ ತೋರಿಸ್ತೀನಿ."

* * *

ಬೆಂಗಳೂರಿನ ಉತ್ತರ ಬಂದ ಮೇಲೆ ಕಸ್ತೂರಿರಂಗರಿಗೆ ಒಂದು ಚೀಟಿ ಕಳಿಸಿದೆ: ಕೋಣೆ ತೆಗೆದಿದ್ದೇವೆ, ನಿಮ್ಮ ಸಾಮಾನು ಒಯ್ಯಬಹುದು. ಭಾನುವಾರ ಹನ್ನೊಂದು ಗಂಟೆಗೆ ಬಂದರು. ಲಿಂಗಯ್ಯನವರು ಮಫ್ತಿಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅತ್ತೆ ಒಳಬಾಗಿಲ ಹಿಂದೆ ನಿಂತಿದ್ದರು.

ಮೇಜಿನ ಮೇಲೆ ಕುಟ್ಟಾಣಿ, ಅನಾನಸಿನ ಹೋಳು, ನಿಂಬೆಹಣ್ಣು, ಜಿನ್ನು, ಪಾಕ, ಐಸು, ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೆ.

"ಏನಮ್ಮಾ ಗೋದಾ ಇದೆಲ್ಲ?" ಎಂದರು ಕಸ್ತೂರಿರಂಗ.

"ಇವರು ಒಂದು ಪ್ರಶ್ನೆ ಕೇಳಿದ್ರು. ಕೂತ್ಕೊಳ್ಳಿ ಸಾರ್."

ಲಿಂಗಯ್ಯ ನೋಟ್‌ಬುಕ್ಕು ತೆಗೆದರು. "ರೆಕಾರ್ಡಿಗೆ ಬೇಕಿತ್ತು ಸಾರ್. ಮೊಟ್ಟೆ ವಿಷಯ ನಿಮಗೆ ಹೆಂಗೆ ಗೊತ್ತಾಯ್ತು?"

"ಪಾರ್ಥನೇ ಹೇಳಿದ್ದ. ಪ್ರತಿ ಸಲ ಮೊಟ್ಟೆ ಹಾಕ್ತೀನಿ, ನಿಂಗಯ್ಯ ತಂದುಕೊಡ್ತಾನೆ ಅಂತ. ಪುಸ್ತಕ ನನ್ನದೇ ತಾನೆ, ಕ್ರಮ ಗೊತ್ತಿಲ್ಲವೆ?"

"ಆ ಶನಿವಾರ ತಾವು ಮದ್ದೂರಿಗೆ ಬಂದಿದ್ರಾ?"

"ಇಲ್ಲ. ಮೈಸೂರು. ಕ್ಲಬ್ಬು."

ನಾನು ಅನಾನಸ್ ಜಜ್ಜಿದೆ. ಬಟ್ಟೆಯಲ್ಲಿ ಹಿಂಡಿದೆ. ಔನ್ಸ್ ನೋಡಿ ಜಿನ್ನು ಹಾಕಿದೆ, ಪಾಕ ಹಾಕಿದೆ, ನಿಂಬೆ ಹಿಂಡಿದೆ, ಐಸು ತುಂಬಿ ಮುಚ್ಚಳ ತಿರುಗಿಸಿದೆ. ನೂರು ಎಣಿಸಿದೆ. ಕೈ ಮರಗಟ್ಟಿತು. ಲೋಟಕ್ಕೆ ಸುರಿದೆ. ಗುಲಾಬಿ ಬಣ್ಣದ ಮೇಲೆ ಎರಡು ಬೆರಳು ದಪ್ಪ ಬಿಳಿ ನೊರೆ ಎದ್ದು ನಿಂತಿತು.

ಕಸ್ತೂರಿರಂಗರು ನೊರೆಯನ್ನೇ ನೋಡಿದರು. "ಮೊಟ್ಟೆ ಎಲ್ಲಿ?"

"ಇಲ್ಲ. ಅವರು ಮಾಡ್ತಿದ್ದದ್ದು ಹೀಗೇ. ಅವರು ಈ ಮನೆಗೆ ಮೊಟ್ಟೆ ತಂದೇ ಇಲ್ಲ. ನಿಮಗೆ ಹೇಳೋಕೆ ನಾಚಿಕೆ ಆಗಿತ್ತು ಅವರಿಗೆ." ನೋಟ್‌ಬುಕ್ಕಿನ ಪುಟ ತೆರೆದು ಮುಂದಿಟ್ಟೆ.

ಅವರು ಓದಿದರು. ಲೋಟವನ್ನು ಅವರ ಕಡೆಗೆ ಸರಿಸಿದೆ. ಮುಟ್ಟಲಿಲ್ಲ.

"ನಾನೇ ಕುಡೀತೀನಿ ಬಿಡಿ," ಎಂದರು ಲಿಂಗಯ್ಯ. "ಇದೂ ತನಿಖೇನೇ." ಅರ್ಧ ಲೋಟ ಒಂದೇ ಗುಟುಕಿಗೆ ಇಳಿಸಿ ಮೀಸೆ ಒರೆಸಿಕೊಂಡರು. "ಸರ್ಬತ್ತಿದ್ದಂಗದೆ. ಹೇಳಿ ಅಮ್ಮಾ."

ಹೇಳಿದೆ. ಅಂದು ಈ ಬಾಟಲಿಯ ಜಿನ್ನು ಖರ್ಚಾಗಿಲ್ಲ. ಕುಟ್ಟಾಣಿ ಮೇಲೆದ್ದಿಲ್ಲ. ಐಸು ಕೊಂಡವರು ನನ್ನ ಗಂಡ ಅಲ್ಲ, ಕಸ್ತೂರಿರಂಗರು. ಪಾನೀಯ ಹೊರಗಿನಿಂದ ಫ್ಲಾಸ್ಕಿನಲ್ಲಿ ತಯಾರಾಗಿಯೇ ಬಂತು. ಪುಸ್ತಕದಂತೆ, ಮೊಟ್ಟೆ ಹಾಕಿ. ತಂದವರು ಅವರ ಲೋಟಕ್ಕೆ ಸುರಿದರು. ಉಳಿದದ್ದನ್ನು, ಇಲ್ಲೇ ಮಾಡಿದಂತೆ ಕಾಣಲಿ ಎಂದು, ಶೇಕರಿಗೆ ಸುರಿದರು. ತಮ್ಮ ಲೋಟ ಒಯ್ದರು, ವರದಿ ಒಯ್ದರು. ಮೇಲಧಿಕಾರಿ ಮನೆಗೆ ಬಂದು ಕೈಯಾರೆ ಕೊಟ್ಟದ್ದನ್ನು ನನ್ನ ಗಂಡ ಏನಿದೆ ಎಂದು ಕೇಳಲಿಲ್ಲ. ಕಸ್ತೂರಿರಂಗರೂ ಅಯ್ಯಂಗಾರರೇ, ಅಯ್ಯಂಗಾರರ ಮನೆಗೆ ಮೊಟ್ಟೆ ಹಾಕಿ ತರುತ್ತಾರೆಂಬ ಯೋಚನೆಯೇ ನನ್ನ ಗಂಡನಿಗೆ ಬಂದಿರಲಾರದು. ಪುಸ್ತಕ ಕೊಟ್ಟಿದ್ದೇನೆ, ಅದರಂತೆಯೇ ಮಾಡುತ್ತಿರುತ್ತಾನೆ ಎಂದು ಕಸ್ತೂರಿರಂಗರು ಅಂದುಕೊಂಡರು. ಇಬ್ಬರೂ ಇನ್ನೊಬ್ಬರನ್ನು ತಪ್ಪು ಅಳೆದಿದ್ದರು.

"ಐಸು ಕೊಂಡರೆ ಕೊಲೆಯೇ?" ಎಂದರು ಕಸ್ತೂರಿರಂಗ. ಧ್ವನಿ ಇನ್ನೂ ಅಧಿಕಾರಿಯದೇ.

"ಐಸು ಕೊಂಡಿದ್ದು ಮದ್ದೂರಲ್ಲಿ ಸಾರ್," ಎಂದರು ಲಿಂಗಯ್ಯ. "ತಾವು ಮೈಸೂರಲ್ಲಿದ್ರಿ." ಜೇಬಿನಿಂದ ಎರಡು ಕಾಗದ ತೆಗೆದರು. "ಇದು ಬೆಂಗಳೂರಿಂದು. ಶೇಕರಲ್ಲಿ ಪಾಷಾಣ. ಇದು ಶುಕ್ರವಾರ ಎಣಿಸಿದ ಪಟ್ಟಿ. ಡಬ್ಬಿ ಎಂಟು, ಎಲ್ಲಾ ಅರಗು ಇದ್ದಂಗೇ. ನಿನ್ನೆ ನಾನು ಎಣಿಸ್ದೆ. ಏಳಕ್ಕೆ ಅರಗು ಅದೆ, ಒಂದಕ್ಕೆ ಇಲ್ಲ. ಕೀಲಿಕೈ ಎರಡು. ಒಂದು ಆವತ್ತು ಮಳವಳ್ಳಿ ಮದುವೆ ಮನೇಲಿತ್ತು."

ಪಟ್ಟಿಯ ವಿಷಯ ಕಸ್ತೂರಿರಂಗರಿಗೆ ಗೊತ್ತಿರಲಿಲ್ಲ. ಅವರು ಮತ್ತೆ ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಒಂದು ಸಲವೂ ಹಾಕಿರಲಿಲ್ಲವೆ?" ಎಂದರು. "ಒಂದು ಸಲವಾದರೂ ಹೇಳಬಾರದಿತ್ತೆ."

"ಮೊಟ್ಟೆಯ ಮಾತು ನೀವು ಎತ್ತದಿದ್ದರೆ," ಎಂದೆ, "ಸೋಮವಾರವೇ ಕೆಲಸದವಳು ಶೇಕರನ್ನ ತೊಳೆದಿಡ್ತಿದ್ದಳು. ನೀವು ಹೇಳಿದ್ದಕ್ಕೇ ಅತ್ತೆ ಬೀಗ ಹಾಕಿದ್ರು. ಮೊಟ್ಟೆ ಅಂದರೆ ಈ ಮನೆಯಲ್ಲಿ ಏನಾಗುತ್ತೆ ಅಂತ ನಿಮಗೆ ಮರೆತುಹೋಗಿತ್ತು."

ಲಿಂಗಯ್ಯ ಅವರನ್ನು ಜೀಪಿಗೆ ಹತ್ತಿಸಿದರು. ನಾನು ಲೋಟ ನೋಡಿದೆ. ಅನಾನಸಿನ ನೊರೆ ಆಗಲೇ ಇಳಿದು ನೀರಾಗಿತ್ತು. ಅದು ಪೊರೆ ಕಟ್ಟುವುದಿಲ್ಲ.

ಒಳಬಾಗಿಲಿಂದ ಅತ್ತೆ ಕೇಳಿದರು. "ಹಾಗಾದರೆ ಅವನು ತಿನ್ನಲಿಲ್ಲ?"

"ಗೊತ್ತಿದ್ದು ತಿಂದದ್ದಲ್ಲ, ಅಮ್ಮ."

ಅವರು ಹೊಸಿಲು ದಾಟಿದರು. ಮಡಿಸೀರೆಯಲ್ಲೇ ಬಂದು, ಮಗನ ಕುರ್ಚಿಯಲ್ಲಿ ಕೂತರು.

* * *

ನಿಂಗಯ್ಯ ಬಿಡುಗಡೆಯಾಗಿ ಮೂರು ದಿನಕ್ಕೆ ಕೊಪ್ಪದ ಬಸ್ಸು ಹತ್ತಿದೆ. ಮಡಿಲಲ್ಲಿ ಕುಟ್ಟಾಣಿ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಅದರ ಭಾರ ಗೊತ್ತಾಗುತ್ತಿತ್ತು.

ನಿಂಗಯ್ಯನ ತಾಯಿ ಸೋಮಮ್ಮ ಜಗುಲಿಯ ಮೇಲಿದ್ದಳು. ನಿಂಗಯ್ಯ ನನ್ನನ್ನು ಕಂಡು ಎದ್ದು, ಎಮ್ಮೆಯ ಹತ್ತಿರ ಹೋಗಿ ನಿಂತ. ದೇವಿರಮ್ಮ ಚಾಪೆ ಹಾಸಿದಳು.

"ಇದು ನಿಮ್ಮದು," ಎಂದೆ. "ನಮ್ಮ ಮನೆಯವರು ಎರವಲು ತಂದಿದ್ರು."

ಅಜ್ಜಿ ಎರಡೂ ಕೈಯಿಂದ ಇಸಿದುಕೊಂಡಳು. ತಿರುವಿ ನೋಡಿದಳು. ಎಲೆ ಮಡಿಸಿದಳು, ಅಡಿಕೆ ಹಾಕಿದಳು, ಕುಟ್ಟಿದಳು. ಬಾಯಿಗೆ ಹಾಕಿಕೊಂಡು ಒಸಡಿನಲ್ಲಿ ಮೆಲ್ಲಗೆ ಅರೆದಳು. ಹುಬ್ಬು ಗಂಟಿಕ್ಕಿತು.

"ಅದೇನವ್ವ, ಅಣ್ಣಿನ್ ವಾಸ್ನೆ ಒಡೀತದೆ?"

"ಅನಾನಸ್."

"ತೊಳೀನಿಲ್ವಾ?"

"ಮೂರು ಸಲ ತೊಳೆದೆ."

"ಇರ್ಲಿ ಬುಡು." ಅವಳು ಮತ್ತೆ ಅರೆದಳು. "ನಾಕ್ ದಿನ ಕುಟ್ಟುದ್ರೆ ಓಯ್ತದೆ."

ಕುಟ್ಟಾಣಿಯ ತಳದಲ್ಲಿ ಇನ್ನೊಂದಿಷ್ಟು ಉಳಿದಿತ್ತು. ನಾನು ಕೈ ನೀಡಿದೆ.

ಅಜ್ಜಿ ನನ್ನ ಹಣೆ ನೋಡಿದಳು, ಕೈ ನೋಡಿದಳು. ಆಮೇಲೆ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಇಟ್ಟಳು.